ಹಾಲು ಬಿಟ್ಟ ಅತ್ತೆ ಮತ್ತು ಕಪ್ಪು ಬರ್ಫಿ

ನಮ್ಮತ್ತೆ ರುಕ್ಮಿಣಿಯಮ್ಮ ಕಾಶಿಗೆ ಹೋಗಿ ಹಾಲು ಬಿಟ್ಟು ಬಂದರು. ಬಿಟ್ಟವರು ಅವರು, ಪಾಡು ಪಟ್ಟವಳು ನಾನು.

ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು ಬರಬೇಕೆಂಬುದು ನಮ್ಮಲ್ಲಿ ಪದ್ಧತಿ. ಬಿಟ್ಟದ್ದನ್ನು ಮತ್ತೆ ಸಾಯುವವರೆಗೂ ಬಾಯಿಗಿಡುವಂತಿಲ್ಲ. ಬುದ್ಧಿವಂತರು ಹಾಗಲಕಾಯಿ ಬಿಡುತ್ತಾರೆ. ಮಾವ ತೀರಿಕೊಂಡ ಮರುವರ್ಷ ಅತ್ತೆ ತಮ್ಮ ಓರಗಿತ್ತಿಯ ಜೊತೆ ಯಾತ್ರೆಗೆ ಹೋದಾಗ, ಆ ಓರಗಿತ್ತಿ ಸೊಂಟದುದ್ದ ನೀರಿನಲ್ಲಿ ನಿಂತು ಪಡುವಲಕಾಯಿ ಬಿಟ್ಟರಂತೆ. ಹುಟ್ಟಿದಾಗಿನಿಂದ ಅವರು ಪಡುವಲಕಾಯಿ ಮುಟ್ಟಿದವರೇ ಅಲ್ಲ. ಅತ್ತೆಗೆ ಮೈಯೆಲ್ಲ ಉರಿದುಹೋಯಿತು. "ದೇವರಿಗೆ ಎಂತ ಕಣ್ಣು ಕಾಣುದಿಲ್ವಾ?" ಎಂದು ಅಲ್ಲೇ ಕೇಳಿ, ಅದೇ ಸಿಟ್ಟಿನಲ್ಲಿ, ಜಗತ್ತಿನಲ್ಲಿ ತಮಗೆ ಎಲ್ಲಕ್ಕಿಂತ ಪ್ರಿಯವಾದ ಹಾಲನ್ನು ಬಿಟ್ಟುಬಿಟ್ಟರು.

ಬೊಂಬಾಯಿಯ ದಾದರ್ ಸ್ಟೇಷನ್ನಿನಲ್ಲಿ ರೈಲಿಳಿದವರೇ ನನಗೆ ಹೇಳಿದ ಮೊದಲ ಮಾತು ಅದು. ಹಾಲೆಂದರೆ ಬರೀ ಹಾಲೋ, ಮೊಸರೂ ಸೇರಿತೋ ಎಂದು ಕೇಳಿದೆ. "ಹಾಲಿನ ಮಕ್ಕಳೂ ಮೊಮ್ಮಕ್ಕಳೂ ಹಾಲೇ" ಎಂದರು. ಹಾಗೆ ಮೊಸರು ಹೋಯಿತು, ಮಜ್ಜಿಗೆ ಹೋಯಿತು, ಬೆಣ್ಣೆ ಹೋಯಿತು, ಕೊನೆಗೆ ತುಪ್ಪವೂ ಹೋಯಿತು. ಅತ್ತೆ ಉಡುಪಿಯ ಕಡೆಯವರು, ತುಪ್ಪವಿಲ್ಲದಿದ್ದರೆ ಕೊಬ್ಬರಿ ಎಣ್ಣೆ ಅವರಿಗೆ ಅಮೃತ. ನಾನು ಮೈಸೂರಿನವಳು, ಆ ಎಣ್ಣೆಯ ಒಗ್ಗರಣೆ ನನ್ನ ಮೂಗಿಗೆ ಎಂದೂ ಒಗ್ಗಲಿಲ್ಲ. ನಮ್ಮದು ಎರಡು ಕೋಣೆಯ ಮನೆ. ಒಂದು ಒಗ್ಗರಣೆ ಹಾಕಿದರೆ ಹಾಸಿಗೆ ದಿಂಬಿಗೂ ವಾಸನೆ ಹತ್ತುತ್ತಿತ್ತು.

ಇಷ್ಟಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ಅತ್ತೆ ಸೊರಗತೊಡಗಿದರು. ಅನ್ನಕ್ಕೆ ಮೊಸರಿಲ್ಲದೆ ಊಟ ಮುಗಿಸುವುದು ಅವರಿಗೆ ಗೊತ್ತಿರಲಿಲ್ಲ. ಎರಡು ತುತ್ತು ಸಾರನ್ನ ತಿಂದು ಕೈ ತೊಳೆಯುತ್ತಿದ್ದರು. ಕೈಬಳೆಯಂತೆ ತೊಡುತ್ತಿದ್ದ ತುಳಸಿಮಣಿ ಸರ ಮೊಣಕೈವರೆಗೂ ಜಾರಲು ಶುರುವಾಯಿತು. ಡಾಕ್ಟರರು ದಿನಕ್ಕೊಂದು ಲೋಟ ಹಾಲು ಕುಡಿಯಲೇಬೇಕು ಎಂದರು. ಅತ್ತೆ ಅವರನ್ನು, "ನೀವು ಕಾಶಿಗೆ ಹೋಗಿದ್ದೀರಾ?" ಎಂದು ಕೇಳಿ ಕಳಿಸಿದರು.

ಒಂದು ದಿನ ಅಕ್ಕಿ ಆರಿಸುತ್ತ ಕೂತವರು ತಲೆ ಎತ್ತದೆ ಕೇಳಿದರು: "ಆ ಕಪ್ಪು ಬರ್ಫಿ ಹಾಲಿಲ್ಲದೆ ಆಗುದಿಲ್ವಾ? ನನಗಲ್ಲ, ಸುಮ್ಮನೆ ಕೇಳಿದೆ."

ಕಪ್ಪು ಬರ್ಫಿ ಎಂದರೆ ಕೆಳಗಿನ ಮಹಡಿಯ ಪಾರ್ಸಿ ಹೆಂಗಸು ನನಗೆ ಹೇಳಿಕೊಟ್ಟಿದ್ದ ಚಾಕೊಲೇಟ್ ಫಡ್ಜ್. ಕಾಶಿಗೆ ಹೋಗುವ ಮೊದಲು ಮಾಡಿಕೊಟ್ಟಿದ್ದೆ. ಇಂಗ್ಲಿಷರ ತಿಂಡಿ ಎಂದು ಮೂಗು ಮುರಿಯುತ್ತಲೇ ಅರ್ಧ ತಟ್ಟೆ ಖಾಲಿ ಮಾಡಿದ್ದರು. ಅವರು ಬಾಯಿಬಿಟ್ಟು ಒಂದನ್ನು ಕೇಳಿದ್ದೇ ದೊಡ್ಡದೆಂದು ನಾನು ಸೆರಗು ಕಟ್ಟಿದೆ.

ಹಾಲಿನ ಬದಲು ತೆಂಗಿನಕಾಯಿ ಹಾಲು. ರುಬ್ಬುವ ಕಲ್ಲಿನಲ್ಲಿ ಕಾಯಿ ಅರೆದು, ಬಟ್ಟೆಯಲ್ಲಿ ಹಿಂಡಿ, ಮೊದಲ ದಪ್ಪ ಹಾಲಿಗೆ ಸಕ್ಕರೆ, ಕೋಕೋ ಪುಡಿ ಹಾಕಿ ಇದ್ದಲಿನ ಸಿಗಡಿ ಒಲೆಯ ಮೇಲಿಟ್ಟು ಕಲಕಿದೆ. ಮೊದಲ ಸಲ ಎಣ್ಣೆ ಬಿಟ್ಟುಕೊಂಡು ಗೊಜ್ಜಿನ ಹಾಗಾಯಿತು. ಎರಡನೆಯ ಸಲ ಪಾಕ ಏರಿ ಕಲ್ಲಾಯಿತು, ಕುಟ್ಟಾಣಿಯಲ್ಲಿ ಹಾಕಿ ಒಡೆಯಬೇಕಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಮ್ಮವರಿಗೆ ತಾಯಿಯ ಮೇಲೆ ಕನಿಕರ, ನನ್ನ ಮೇಲೂ ಕನಿಕರ.

"ಒಂದೆರಡು ಚಮಚ ಹಾಲು ಹಾಕಿಬಿಡು ಮಾರಾಯ್ತಿ. ಮೈಗೂ ಒಳ್ಳೆದು. ಅಮ್ಮನಿಗೆ ಎಂತ ಗೊತ್ತಾಗ್ತದೆ?"

"ಗೊತ್ತಾಗದೇ ಇರೋದಕ್ಕೆ ಅವರೇನು ನಿಮ್ಮ ಆಫೀಸಿನ ಸಾಹೇಬ್ರಾ? ಸುಮ್ಮನೆ ಟ್ರಾಮ್ ಹಿಡೀರಿ."

ಎರಡು ಕೋಣೆಯ ನಡುವೆ ಇದ್ದದ್ದು ಮರದ ಹಲಗೆಯ ಗೋಡೆ. ಅದರಾಚೆ ಅತ್ತೆ ಜಪ ಮಾಡುತ್ತಿದ್ದಾರೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮೂರನೆಯ ಸಲ ಹದ ಸಿಕ್ಕಿತು. ಪಾಕವನ್ನು ತಣ್ಣೀರಿಗೆ ಬಿಟ್ಟರೆ ಮೆತ್ತನೆಯ ಉಂಡೆಯಾಗಬೇಕು. ಆಗ ಇಳಿಸಿ, ಮುಟ್ಟದೆ ಆರಲು ಬಿಡಬೇಕು. ಆರಿದ ಮೇಲೆ ಹೊಳಪು ಹೋಗುವವರೆಗೆ ಸಟ್ಟುಗದಲ್ಲಿ ತಿರುವಿ, ಎಣ್ಣೆ ಸವರಿದ ತಟ್ಟೆಗೆ ಸುರಿಯಬೇಕು. ಒಂದು ಹರಳು ಉಪ್ಪೂ ಹಾಕಿದ್ದೆ. ಚಾಕುವಿಗೆ ಅಂಟದೆ ತುಂಡಾಯಿತು. ನನಗೆ ಹೆಮ್ಮೆಯಿಂದ ನಗು ತಡೆಯಲಾಗಲಿಲ್ಲ.

ಅತ್ತೆ ಒಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ನಿಧಾನವಾಗಿ ನುಂಗಿದರು. ಆಮೇಲೆ ಕಣ್ಣು ತೆರೆದು, "ಶಾಂತಾ, ಇದ್ರಲ್ಲಿ ಹಾಲುಂಟು" ಎಂದರು.

"ಇಲ್ಲ ಅತ್ತೆ, ದೇವರಾಣೆ."

"ಹಾಲಿಲ್ಲದೆ ಇಷ್ಟು ರುಚಿ ಆಗ್ಲಿಕ್ಕುಂಟಾ? ಅವ ಹೇಳಿದ್ದು ನಾನು ಕೇಳಿದ್ದೇನೆ."

ಎದ್ದು ಹೋಗಿ ಬಾಯಿ ಮುಕ್ಕಳಿಸಿದರು. ಅಂದು ಪ್ರಾಯಶ್ಚಿತ್ತವೆಂದು ಉಪವಾಸ. ಮರುದಿನದಿಂದ ತಾವೇ ಗಂಜಿ ಬೇಯಿಸಿಕೊಂಡು ಉಪ್ಪಿನಕಾಯಿ ನೆಂಚಿಕೊಂಡು ಕುಡಿಯತೊಡಗಿದರು. ನಾನು ಬಡಿಸಿದ ಯಾವುದನ್ನೂ ಮುಟ್ಟಲಿಲ್ಲ. ಜಗಳವಾಡಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಮಾತ್ರ, "ನಿನ್ನ ತಪ್ಪಲ್ಲ ಮಗಾ, ನನ್ನ ವ್ರತ ಗಟ್ಟಿ ಇರ್ಲಿಲ್ಲ" ಎನ್ನುತ್ತಿದ್ದರು. ನನಗೆ ಅಳುವೂ ಬಂತು, ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟೂ ಬಂತು. ನಮ್ಮವರು ಕೈಮುಗಿದು ಎಷ್ಟು ಹೇಳಿದರೂ ಕೇಳಲಿಲ್ಲ. ಮೊದಲೇ ಸೊರಗಿದ ಜೀವ ಗಂಜಿ ಕುಡಿದು ಎಷ್ಟು ದಿನ ಇದ್ದೀತು? ಅದೂ ನನ್ನ ಕೈಯಡುಗೆಯ ಮೇಲೆ ಸಂಶಯ ಇಟ್ಟುಕೊಂಡೇ ಹೋಗಿಬಿಟ್ಟರೆ ಎಂಬ ಹೆದರಿಕೆ ನನ್ನನ್ನು ಹಿಡಿಯಿತು.

ಕೊನೆಗೆ ಒಂದು ಬೆಳಿಗ್ಗೆ ಸರ್ಕಾರಿ ಬೂತಿನಿಂದ ತಂದ ಹಾಲಿನ ಬಾಟಲಿಯನ್ನು ಹಾಗೇ ಕೆಳಗಿನ ಪಾರ್ಸಿ ಹೆಂಗಸಿಗೆ ಕೊಟ್ಟುಬಂದೆ. ನಮ್ಮವರು ಕರಿ ಕಾಫಿ ಕುಡಿದು ಮುಖ ಹಿಂಡಿಕೊಂಡು ಆಫೀಸಿಗೆ ಹೋದರು. ಒಲೆಯ ಪಕ್ಕ ಮಣೆ ಹಾಕಿ ಅತ್ತೆಯ ಕೈಹಿಡಿದು ಕೂರಿಸಿದೆ. "ಈ ಮನೇಲಿ ಈಗ ಒಂದು ತೊಟ್ಟು ಹಾಲಿಲ್ಲ. ಇಲ್ಲೇ ಕೂತು ನೋಡಿ" ಎಂದೆ.

ಅವರು ನೋಡಿದರು. ನೋಡಿದ್ದಷ್ಟೇ ಆಗಿದ್ದರೆ ಸಾಕಿತ್ತು. ಕಾಯಿ ಬಲಿತಿಲ್ಲ ಎಂದರು, ಬಟ್ಟೆ ತೆಳುವಾಯಿತು ಎಂದರು, ಸಿಗಡಿಗೆ ತಾವೇ ಇದ್ದಲು ಹಾಕಿದರು. ಪಾಕ ಇಳಿಸಿ ತಟ್ಟೆ ಮುಚ್ಚಿ, "ಆರೋವರೆಗೂ ಮುಟ್ಟಬೇಡಿ" ಎಂದು ಹೇಳಿ ನಾನು ನಲ್ಲಿಗೆ ಹೋಗಿ ಬರುವಷ್ಟರಲ್ಲಿ ತಟ್ಟೆ ತೆಗೆದು ಚಮಚ ಆಡಿಸುತ್ತಿದ್ದರು.

"ಅತ್ತೆ, ಏನ್ಮಾಡ್ತಾ ಇದ್ದೀರಿ?"

"ಎಂತ ಆಗ್ತಾ ಉಂಟು ಅಂತ ನೋಡಿದೆ. ನೋಡಿದ್ರೆ ಎಂತ, ಕಣ್ಣಿಗೆ ಎಂಜಲುಂಟಾ?"

ಮುಚ್ಚಿದೆ. ಮತ್ತೆ ತೆಗೆದರು. ಆ ಫಡ್ಜ್ ಕಟ್ಟಲೇ ಇಲ್ಲ. ಎಷ್ಟು ತಿರುವಿದರೂ ಲೇಹ್ಯದ ಹಾಗೆ ಸಟ್ಟುಗದಿಂದ ಇಳಿಯುತ್ತಿತ್ತು. ಅದನ್ನೇ ಬಟ್ಟಲಿಗೆ ಹಾಕಿ ಕೊಟ್ಟೆ. ಗೋಡೆಗೊರಗಿ ಕೂತು ಚಮಚದಲ್ಲಿ ತಿಂದರು. ಬಟ್ಟಲು ಮುಗಿಯಿತು, ಮತ್ತೆ ಚಾಚಿದರು. ಎರಡನೆಯ ಬಟ್ಟಲನ್ನೂ ಬಳಿದು ಮುಗಿಸಿ, ಬಾಯಿ ಒರೆಸಿಕೊಂಡು ಅಪ್ಪಣೆ ಕೊಟ್ಟರು:

"ಮೊನ್ನೆಯದ್ದು ಇದಕ್ಕಿಂತ ಒಳ್ಳೆದಿತ್ತು. ಮಧ್ಯಾಹ್ನಕ್ಕೆ ಸಾರು ಮಾಡ್ತೀಯಲ್ಲ, ನನಗೂ ಬಡಿಸು."

ನನ್ನತ್ತೆ ಯಾರ ಹತ್ತಿರವಾದರೂ ಕ್ಷಮೆ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದನ್ನು ಕ್ಷಮೆ ಎನ್ನುವುದಾದರೆ.

ಆಮೇಲೆ ಕಪ್ಪು ಬರ್ಫಿ ನಮ್ಮ ಮನೆಯ ಪದ್ಧತಿಯಾಯಿತು. ಅತ್ತೆ ಮಣೆ ಬಿಡಲಿಲ್ಲ, ತಟ್ಟೆ ತೆಗೆದು ನೋಡುವುದನ್ನೂ ಬಿಡಲಿಲ್ಲ. ಕಟ್ಟಿದ್ದು ಅಪರೂಪ. ಆದರೆ ಮೈ ತುಂಬಿಕೊಂಡರು, ತುಳಸಿಮಣಿ ಮಣಿಕಟ್ಟಿನಲ್ಲೇ ನಿಂತಿತು. ಹಾಗೆ ಕೆಲವು ವರ್ಷ ನನ್ನ ಪ್ರಾಣ ತಿಂದುಕೊಂಡು ಚೆನ್ನಾಗಿಯೇ ಇದ್ದರು. ಒಂದು ಚಳಿಗಾಲದ ಬೆಳಿಗ್ಗೆ ಏಳಲಿಲ್ಲ.

ಅಸ್ಥಿಸಂಚಯನಕ್ಕೆ ಹೊರಟ ಭಟ್ಟರು ಬಾಗಿಲಲ್ಲಿ ನಿಂತು, "ಅಸ್ಥಿಗೆ ಚಿಮುಕಿಸ್ಲಿಕ್ಕೆ ಅರ್ಧ ಲೋಟ ಹಾಲು ಕೊಡಿ ತಂಗಿ" ಎಂದರು.

"ಹಾಲಾಗಲ್ಲ. ಅತ್ತೆ ಹಾಲು ಬಿಟ್ಟಿದ್ದಾರೆ" ಎಂದೆ.

"ಹೋದವರಿಗೆ ಎಂತ ವ್ರತ? ಶಾಸ್ತ್ರದಲ್ಲಿ ಹಾಲೇ ಉಂಟು."

ಹಿಂದೊಮ್ಮೆ ಎರಡು ಚಮಚ ಹಾಲು ಹಾಕೆಂದಿದ್ದ ನಮ್ಮವರು ಪಂಚೆ ಬಿಗಿಯುತ್ತಿದ್ದವರು ತಲೆ ಎತ್ತಿದರು. "ಕಾಯಿಹಾಲು ಕೊಡು ಶಾಂತಾ. ಭಟ್ರೇ, ನಿಮಗೆ ನಮ್ಮಮ್ಮ ಗೊತ್ತಿಲ್ಲ. ಹಾಲು ಹಾಕಿದ್ರೆ ಎದ್ದು ಬಂದು ಬಾಯಿ ಮುಕ್ಕಳಿಸ್ತಾಳೆ" ಎಂದರು. ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ನಿಂತರು.

ಕಾಯಿ ಒಡೆದೆ, ಅರೆದೆ, ಹಿಂಡಿದೆ. ಹೋಗುವಾಗಲೂ ನನಗೊಂದು ಕೆಲಸ ಹಚ್ಚಿಯೇ ಹೋದರಲ್ಲ ಎಂದು ಬೈದುಕೊಂಡೇ ಹಿಂಡಿದೆ. ಭಟ್ಟರು ಲೋಟ ಹಿಡಿದು ನಮ್ಮವರೊಂದಿಗೆ ಮೆಟ್ಟಿಲಿಳಿದ ಮೇಲೆ ನೋಡಿದರೆ ಪಾತ್ರೆಯಲ್ಲಿ ಇನ್ನೂ ಬೇಕಾದಷ್ಟು ಉಳಿದಿತ್ತು. ಅಭ್ಯಾಸಬಲದಿಂದ ಬರ್ಫಿಯ ಅಳತೆಗೇ ಕಾಯಿ ಒಡೆದಿದ್ದೆ. ಏನು ಮಾಡುವುದೆಂದು ತಿಳಿಯದೆ ಒಲೆಯ ಪಕ್ಕದಲ್ಲಿಟ್ಟು ತಟ್ಟೆ ಮುಚ್ಚಿದೆ. ಸಂಜೆಯವರೆಗೂ ಅದನ್ನು ಯಾರೂ ತೆಗೆದು ನೋಡಲಿಲ್ಲ.