ಕಾರಂಜಿ ನೆಲಕ್ಕಿಳಿದದ್ದು

ನಮ್ಮ ಭಾವನಿಗೆ ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಉಳಿದಿತ್ತು; ಊರಿನ ಬಾಯಲ್ಲಿ ಅವರು ಕಾರಂಜಿ. ಟ್ರ್ಯಾಕ್ಟರಿನ ಹಿಂದೆ ಟ್ಯಾಂಕರ್ ಕಟ್ಟಿಕೊಂಡು, ಹಸು ಸಾಕುವವರ ಗುಂಡಿಗಳಿಂದ ಸಗಣಿ ಗಂಜಲದ ಬಗ್ಗಡ ಹೀರಿ, ಅವರವರ ಹೊಲಕ್ಕೇ ಗೊಬ್ಬರವಾಗಿ ಎರಚುವುದು ಅವರ ಕಸುಬು. ಟ್ಯಾಂಕರಿನ ಬಾಯಿಗೆ ಬಗ್ಗಿಸಿದ ತಗಡೊಂದನ್ನು ಬಿಗಿದಿದ್ದರು. ಬಗ್ಗಡ ಅದಕ್ಕೆ ಬಡಿದು ಎರಡಾಳೆತ್ತರ ಹಾರುತ್ತಿತ್ತು. ಎರಡಾಳು ಎಂದು ನಾನು ಇಳಿಸಿಯೇ ಹೇಳುತ್ತಿದ್ದೇನೆ. ಅದನ್ನು ದಾಟಲು ಹೋದ ಕೊಕ್ಕರೆಯೊಂದು ಆ ಕಡೆ ಕಾಗೆಯಾಗಿ ಇಳಿದದ್ದನ್ನು ಕಣ್ಣಾರೆ ಕಂಡವನು ನಾನು. ಕೊಕ್ಕರೆಯ ಹೆಂಡತಿ ಅದನ್ನು ಗೂಡಿಗೆ ಸೇರಿಸಲಿಲ್ಲವಂತೆ. ಅದು ಮಾತ್ರ ಕೇಳಿದ್ದು.

ವಾಸನೆ ಮೂರು ಬೀದಿ ದಾಟಿದರೆ ಮಾಲು ಗಟ್ಟಿ ಎಂದು ಎಲ್ಲರೂ ನಂಬಿದ್ದರು. ಭಾವನೂ ನಂಬಿದ್ದರು.

ಅವರ ಮನೆ ಹೊಲಗಳ ನಡುವೆಯೇ. ಅಕ್ಕನಿಗೆ ಉಬ್ಬಸ ಹಿಡಿಯಿತು. ಕೆಮ್ಮು ಜೋರಾದ ದಿನಗಳನ್ನು ಗುರುತು ಹಾಕಿಕೊಂಡು ಬರಲು ಡಾಕ್ಟರಮ್ಮ ಹೇಳಿದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಭಾವ ಯಾವ ದಿನ ಯಾರ ಹೊಲ ಎಂದು ಬರೆದಿಡುತ್ತಿದ್ದರು. ಅಕ್ಕ ಅದರಲ್ಲೇ ಸೊನ್ನೆ ಸುತ್ತಿದಳು. ಎರಡು ತಿಂಗಳಾದ ಮೇಲೆ ನೋಡಿದರೆ, ಎರಡನ್ನು ಬಿಟ್ಟು ಉಳಿದ ಸೊನ್ನೆಗಳೆಲ್ಲ ಭಾವನ ಬರಹದ ಸುತ್ತಲೇ ಇದ್ದವು. ಆ ಎರಡು ದಿನ ನಾನು ಅವರ ಕಿಟಕಿಯ ಕೆಳಗೆ ಕೂತು ಬೀಡಿ ಸೇದಿದ್ದೆ. ಆ ವಿಷಯ ಇಲ್ಲಿ ಬೇಡ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಬಗ್ಗಡ ಗಾಳಿಗೆ ಹರಡಿದಷ್ಟೂ ಅಮೋನಿಯ ಏಳುತ್ತದೆ. ಅದು ಗಾಡಿಗಳ ಹೊಗೆಯೊಡನೆ ಕೂಡಿ ಕಣ್ಣಿಗೆ ಕಾಣದ ದೂಳಾಗಿ ಶ್ವಾಸಕೋಶದ ತಳಕ್ಕಿಳಿಯುತ್ತದೆ. ಮೇಲಾಗಿ, ಹಾಗೆ ಹಾರಿಹೋಗುವುದು ಗೊಬ್ಬರದ ಸತ್ವವೇ.

ಭಾವ ಕ್ಯಾಲೆಂಡರನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಹೊರಟರು. ಮನೆ ಸೇರಿದ ಮೇಲೆ ಅಕ್ಕನೇ ಅಂದಳು, "ನೀವೇನು ಬೇಕಂತ ಮಾಡಿದ್ರಾ? ಬಿಡಿ."

"ಬಿಡ್ತೀನಿ. ಎರಚೋದನ್ನ."

ತಗಡು ಗುಜರಿಗೆ ಹೋಯಿತು. ಟ್ಯಾಂಕರಿನ ಹಿಂದೆ ಅಡ್ಡಕೊಳವೆ ಬೆಸೆದು, ಇಪ್ಪತ್ತು ರಬ್ಬರ್ ಪೈಪುಗಳನ್ನು ನೆಲ ತಾಗುವಂತೆ ಇಳಿಬಿಟ್ಟರು. ಬಿಸಿಲೇರುವ ಮೊದಲೇ ಕೆಲಸ. ಬೆನ್ನಿಗೇ ಕುಂಟೆ ಹೊಡೆದು ಮಣ್ಣು ಮುಚ್ಚುವುದು.

ವಾಸನೆ ನಿಂತಿತು. ಗಿರಾಕಿಗಳ ಕರೆಯೂ ನಿಂತಿತು. ನಮ್ಮ ಗಟ್ಟಿ ಮಾಲನ್ನು ದಾರಿಯಲ್ಲಿ ಯಾರಿಗೋ ಇಳಿಸಿ, ನಮಗೆ ಹಳ್ಳದ ನೀರು ಬಿಡುತ್ತಾನೆ ಎಂದು ಮಾತು ಹಬ್ಬಿತು. ಒಂಬತ್ತು ಮಂದಿಯಲ್ಲಿ ಇಬ್ಬರು ಉಳಿದರು. ಅವರಲ್ಲೊಬ್ಬರು ನಲವತ್ತು ಹಸುಗಳ ಯಜಮಾನರು. ಭಾವನ ಅರ್ಧ ದುಡಿಮೆ ಅವರದೇ. ಅವರೂ ಕೈಬಿಟ್ಟರೆ ಟ್ರ್ಯಾಕ್ಟರ್ ಮಾರುವುದೊಂದೇ ದಾರಿ.

ಒಂದು ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲಿ ಹೊಲಕ್ಕೆ ಬಂದರು. ನಾನೂ ಅಲ್ಲೇ ಇದ್ದೆ, ಕೆಲಸವಿಲ್ಲದೆ.

"ಕಾರಂಜೀ, ನನ್ನ ಮೂಗು ನಲವತ್ತು ವರ್ಷ ಪಳಗಿದ್ದು. ಏನೂ ಬರ್ತಿಲ್ವಲ್ಲಯ್ಯ."

"ಮೂಗು ಅಷ್ಟು ಎತ್ತರದಲ್ಲಿಟ್ಕೊಂಡ್ರೆ ಹೇಗೆ ಬರುತ್ತೆ, ಯಜಮಾನ್ರೇ? ಮಾಲು ಕೆಳಗಿದೆ."

"ಹಳೇ ತಗಡು ಹಾಕು. ಇಲ್ದಿದ್ರೆ ನಾನು ಬೇರೆಯವರನ್ನ ನೋಡ್ಕೋತೀನಿ."

ಭಾವ ಇಂಜಿನ್ ನಿಲ್ಲಿಸಿ ಕೆಳಗಿಳಿದರು. "ತಗಡು ಹಾಕಲ್ಲ. ಮನೇಲಿ ಅವಳು ಉಸಿರಾಡ್ಬೇಕು. ಬಗ್ಗಿ ಒಂದ್ಸಲ ನೋಡಿ, ಆಮೇಲೆ ಬೇಕಾದ್ರೆ ನನ್ನ ಕಳಿಸಿ."

ಯಜಮಾನರು ಪ್ಯಾಂಟು ನೋಡಿಕೊಂಡರು, ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ. ಕೊನೆಗೆ ಅವರು ಮಂಡಿಯೂರಿ, ಸಾಲಿನ ಮೇಲಿನ ಮಣ್ಣು ಸರಿಸಿ, ಮೂಗು ಒಡ್ಡಿ ಜೋರಾಗಿ ಎಳೆದರು. ಎದ್ದಾಗ ಎರಡೂ ಕಣ್ಣಲ್ಲಿ ನೀರು, ಮೀಸೆಯ ತುದಿಗೆ ಬಗ್ಗಡ. ಆ ಮೀಸೆ ಅದೇ ವಾರ ಎರಡಂಗುಲ ಬೆಳೆಯಿತೆಂದರೆ ನೀವು ನಂಬುವುದಿಲ್ಲ, ನಂಬಬೇಡಿ.

"ನಮ್ಮ ಮಾಲೇ," ಎಂದರು ಯಜಮಾನರು. "ಎಲ್ಲಾ ಒಳಗೇ ಇದೆ. ಗಾಡಿ ಹೊಡಿ."

ಅವರ ಮಂಡಿಯ ಕಲೆ ನೋಡಿದವರೆಲ್ಲ ಸಂಗತಿ ವಿಚಾರಿಸಿದರು. ತಿಂಗಳೊಳಗೆ ಐದು ಮಂದಿ ಮರಳಿ ಬಂದು, ಒಬ್ಬೊಬ್ಬರೂ ತಮ್ಮ ತಮ್ಮ ಹೊಲದಲ್ಲಿ ಮಂಡಿಯೂರಿಯೇ ಒಪ್ಪಿಕೊಂಡರು. ಇಬ್ಬರು ಬರಲೇ ಇಲ್ಲ. ಅವರಿಗೆ ಮಂಡಿನೋವು ಎಂದು ನಾನು ಹೇಳುತ್ತೇನೆ. ಅಕ್ಕನ ಉಬ್ಬಸ ಪೂರ್ತಿ ಬಿಟ್ಟಿಲ್ಲ, ಆದರೆ ಟ್ಯಾಂಕರ್ ಓಡುವ ದಿನವೂ ಹೊಲದ ಕಡೆಯ ಕಿಟಕಿ ತೆರೆದೇ ಅಡುಗೆ ಮಾಡುತ್ತಾಳೆ.