ಎಂಟನೆಯ ಸೀನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾನು ಸೀನು ಎಣಿಸುವ ಹೆಂಗಸು. ಬೇರೆಯವರ ಮನೆಯಲ್ಲಿ ಬೆಳಗಾಗುವುದು ಹಾಲಿನವನ ಗಂಟೆಗೋ ಕುಕ್ಕರಿನ ಸೀಟಿಗೋ. ಹಡಪಸರದ ನಮ್ಮ ಮನೆಯಲ್ಲಿ ಬೆಳಗಾಗುವುದು ಹನ್ನೆರಡು ವರ್ಷದ ಮೊಮ್ಮಗಳು ಅಕ್ಷತಾಳ ಸೀನಿಗೆ. ಒಂದು ಬಂದು ಸುಮ್ಮನಾಗುವ ಸೀನಲ್ಲ. ಹಾಸಿಗೆಯ ಮೇಲೆ ಕೂತು, ಕಣ್ಣು ಮುಚ್ಚಿಕೊಂಡು, ಒಂದರ ಹಿಂದೊಂದು ಐದು, ಏಳು, ಧೂಳಿನ ದಿನವಾದರೆ ಹನ್ನೊಂದು. ಅಡುಗೆ ಮನೆಯಲ್ಲಿ ಚಹಾ ಕುದಿಸುತ್ತ ನಾನು ಬೆರಳು ಮಡಚುತ್ತಿರುತ್ತೇನೆ.

ಸೀನಿನ ಶಾಸ್ತ್ರ ನಿಮಗೂ ಗೊತ್ತಿರಬೇಕು. ಹೊರಗೆ ಹೊರಟಾಗ ಒಂಟಿ ಸೀನು ಬಂದರೆ ಅಪಶಕುನ. ಒಂದು ಗಳಿಗೆ ಕೂತು, ನೀರು ಕುಡಿದು ಹೊರಡಬೇಕು. ಜೋಡಿ ಸೀನಾದರೆ ಚಿಂತೆಯಿಲ್ಲ. ಈ ಶಾಸ್ತ್ರ ಮಾಡಿದ ಪುಣ್ಯಾತ್ಮನ ಮನೆಯಲ್ಲಿ ಅಲರ್ಜಿಯ ಕೂಸು ಇರಲಿಲ್ಲ ಎಂಬುದಂತೂ ಖಾತ್ರಿ. ಏಳು ಸೀನಿದರೆ ಏನು ಮಾಡಬೇಕೆಂದು ಅವನು ಹೇಳಿಲ್ಲ. ಕಡೆಗೆ ನಾನೇ ತೀರ್ಪು ಕೊಟ್ಟೆ: ಎಣಿಕೆ ಜೋಡಿಯಾಗಿ ಮುಗಿದರೆ ಶುಭ, ಕೊನೆಗೊಂದು ಒಂಟಿ ಉಳಿದರೆ ಅಶುಭ. ಈ ತೀರ್ಪಿನಿಂದ ಮಗನಿಗೆ ಆಫೀಸಿನ ಬಸ್ಸು ತಪ್ಪಿದ್ದು ಎಷ್ಟು ಸಲವೋ. ಒಮ್ಮೆ ನಮ್ಮ ಯಜಮಾನರು ವಿಜಯಪುರಕ್ಕೆ ಹೊರಟವರು ನೀರು ಕುಡಿದು, ಕೂತು, ಎದ್ದು ಸ್ವಾರಗೇಟ ಬಸ್ ನಿಲ್ದಾಣ ಮುಟ್ಟುವುದರೊಳಗೆ ಬಸ್ಸು ಹೋಗಿತ್ತು. ಚೀಲ ಹೊತ್ತು ಮರಳಿ ಬಂದು, "ನಿನ್ನ ಶಕುನ ಭಾಳ ಛಲೋ ಫಲ ಕೊಟ್ತು ನೋಡು" ಎಂದರು.

ಮಕ್ಕಳು ಸೀನಿದಾಗ 'ನೂರು ವರ್ಷ ಬಾಳು' ಎನ್ನುವುದೂ ನಮ್ಮಲ್ಲಿ ಉಂಟು. ಅದನ್ನೂ ನಾನು ಒಂದು ಸೀನಿಗೂ ತಪ್ಪಿಸಿದವಳಲ್ಲ. ಆ ಪ್ರಕಾರ ನನ್ನ ಮೊಮ್ಮಗಳಿಗೆ ಈಗಾಗಲೇ ಒಂದೆರಡು ಯುಗದ ಆಯುಷ್ಯ ಜಮೆಯಾಗಿರಬೇಕು. ಇಷ್ಟು ಆಯುಷ್ಯ ಇಟ್ಟುಕೊಂಡ ಕೂಸಿಗೆ ಒಂದು ಸಂಜೆ ಒಂದೇ ಒಂದು ಉಸಿರು ಸಾಲದೆ ಹೋಯಿತು. ಅದಕ್ಕೆ ಕಾರಣ ನಾನು.

ಆದದ್ದಿಷ್ಟು. ಸೀನಿನ ಹಿಂದೆಯೇ ಎದೆಯಲ್ಲಿ ಸಿಳ್ಳೆ ಶುರುವಾದಾಗ ಮಕ್ಕಳ ಡಾಕ್ಟರರು ಅಸ್ತಮಾ ಎಂದರು. ನಮ್ಮ ಕಡೆಯ ಮಾತಿನಲ್ಲಿ ದಮ್ಮು. ಬಾಯಿಂದ ಔಷಧಿ ಎಳೆದುಕೊಳ್ಳುವ ಎರಡು ಪಂಪು ಕೊಟ್ಟರು: ಒಂದು ದಿನಾ ಎರಡು ಹೊತ್ತು ತಪ್ಪದೆ, ಇನ್ನೊಂದು ನೀಲಿಯದು, ಓಡುವ ಮುಂಚೆ ಮತ್ತು ದಮ್ಮು ಹತ್ತಿದಾಗ. ಸೊಲ್ಲಾಪುರದ ನನ್ನ ನಾದಿನಿ ಬಂದವಳು ಅದನ್ನು ನೋಡಿ ದನಿ ತಗ್ಗಿಸಿ, "ವೈನಿ, ಹೆಣ್ಣು ಕೂಸು ಅದ. ಪಂಪಿನ ಚಟಾ ಹತ್ತಿದ್ರ ನಾಳೆ ಯಾರು ಮಾಡ್ಕೋತಾರ?" ಎಂದಳು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಎರಡು ತಿಂಗಳು ಸಿಳ್ಳೆ ಕೇಳಿಸಲಿಲ್ಲ. ರೋಗ ಹೋಯಿತು ಎಂದುಕೊಂಡೆ. ಔಷಧಿ ಅದನ್ನು ಹಿಡಿದು ಕೂರಿಸಿದೆ ಎಂದು ತಿಳಿಯುವಷ್ಟು ಬುದ್ಧಿ ಎಲ್ಲಿತ್ತು? ದಿನದ ಪಂಪನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಸೊಸೆ ಸುಜಾತಾ ಕೇಳಿದರೆ "ಕೊಟ್ಟೀನಿ" ಎಂದೆ. ಅಕ್ಷತಾಗೆ "ಡಾಕ್ಟರು ಸಾಕಂದಾರ" ಎಂದೆ.

ಮೂರು ವಾರ ಕಳೆದಿರಬೇಕು. ಪಕ್ಕದಲ್ಲಿ ಹಳೆಯ ಕಟ್ಟಡ ಕೆಡವುತ್ತಿದ್ದರು, ಓಣಿಯೆಲ್ಲ ಧೂಳು. ಶಾಲೆಯಲ್ಲಿ ಖೋಖೋ ಆಡಿ ಬಂದ ಹುಡುಗಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆದುಕೊಳ್ಳುತ್ತಿತ್ತು. "ಅಜ್ಜಿ... ದಮ್ಮು..." ಮುಂದಿನ ಮಾತಿಗೆ ಉಸಿರಿಲ್ಲ. ಸುಜಾತಾ ನೀಲಿ ಪಂಪು ಕೊಡುತ್ತಲೇ ರಿಕ್ಷಾ ಹತ್ತಿಸಿದಳು. ಆಸ್ಪತ್ರೆಯಲ್ಲಿ ಮುಖವಾಡದಿಂದ ಔಷಧಿಯ ಹೊಗೆ ಕುಡಿಸಿದ ಮೇಲೆ ಮಗುವಿನ ತುಟಿಗೆ ಬಣ್ಣ ಬಂತು. ನಾನು ಅಲ್ಲಿಯೇ ಎಲ್ಲರ ಮುಂದೆ ಅಕ್ಕಿ ಡಬ್ಬಿಯ ಸಂಗತಿ ಹೇಳಿ ಅತ್ತೆ. ಡಾಕ್ಟರು ಬೈಯಲಿಲ್ಲ. ಮರಾಠಿಯಲ್ಲಿ ಕೇಳಿದರು: "ಆಜಿ, ನೀವು ಕನ್ನಡಕ ಹಾಕಿ ಎಷ್ಟು ವರ್ಷವಾಯಿತು? ಕಣ್ಣಿಗೆ ಚಟ ಹತ್ತಿತೇ?" ನಲವತ್ತು ವರ್ಷದ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡೆ.

ಅಂದಿನಿಂದ ನನ್ನ ಎಣಿಕೆಗೆ ಒಂದು ಮರ್ಯಾದೆಯ ಕೆಲಸ ಸಿಕ್ಕಿತು. ಪಂಪು ಎಳೆದ ಮೇಲೆ ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು, ಎಣಿಸುವವಳು ನಾನು. ಹೊಗೆ ಅವಳಿಗೆ ಆಗದೆಂದು ಊದಿನಕಡ್ಡಿ ನಿಲ್ಲಿಸಿದೆ. ದೇವರು ಇದುವರೆಗೆ ತಕರಾರು ಮಾಡಿಲ್ಲ. ಖೋಖೋ ಬಿಡಿಸಬೇಕೆಂದು ನಾನು ಹೇಳಿದಾಗ ಡಾಕ್ಟರು, "ಬಿಡಿಸಬೇಡಿ, ಪಂಪು ಕೊಟ್ಟು ಆಡಿಸಿ" ಎಂದರು. ಆಡಿಸಿದೆವು. ಅವಳ ಶಾಲೆ ಫೈನಲ್ಲಿಗೂ ಬಂತು.

ಫೈನಲ್ ದಿನ ಬೆಳಿಗ್ಗೆ ಎದೆಯಲ್ಲಿ ಸಿಳ್ಳೆಯಿರಲಿಲ್ಲ. ಆದರೆ ಬೂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತ ಹುಡುಗಿ ಸೀನತೊಡಗಿದಳು. ಮೂರು. ಐದು. ಏಳು. ನಿಂತಿತು. ಮಗ ಗಡಿಯಾರ ನೋಡಿದ. ಯಜಮಾನರು ಸಂಪ್ರದಾಯದಂತೆ ಕುರ್ಚಿಯಲ್ಲಿ ಕೂತೇಬಿಟ್ಟರು. ಅಕ್ಷತಾ ನನ್ನ ಮುಖ ನೋಡಿದಳು.

"ಅಜ್ಜಿ, ಏಳಾತು. ಹೋಗ್ಲ್ಯೋ ಬ್ಯಾಡೋ?"

ಆ ಕಣ್ಣಲ್ಲಿದ್ದ ಹೆದರಿಕೆ ದಮ್ಮಿನದಲ್ಲ, ನನ್ನದು. ನಾನು ಬಿತ್ತಿದ್ದು. ನಾಚಿಕೆಯಾಯಿತು. ಆದರೆ ಅರವತ್ತೆಂಟು ವರ್ಷದ ನಂಬಿಕೆಯನ್ನು ಹೊಸ್ತಿಲಲ್ಲಿ ನಿಂತು ಒಂದೇ ಏಟಿಗೆ ಬಿಡುವಷ್ಟು ಶೂರಳೂ ನಾನಲ್ಲ. ಕೈಯಲ್ಲಿ ದೇವರ ದೀಪಕ್ಕೆ ಹೊಸೆದ ಹತ್ತಿಯ ಬತ್ತಿಯಿತ್ತು. ಅದನ್ನೇ ಮೂಗಿನೊಳಗೆ ತೂರಿಸಿ ತಿರುವಿದೆ. ಕನ್ನಡಕ ಹಾರಿ ಬೀಳುವಂಥ ಸೀನು ಬಂತು.

"ಎಂಟಾತು! ಇನ್ನೇನ್ ನೋಡ್ತಿ, ನಡೀ!" ಎಂದೆ. ಮನೆಯೆಲ್ಲ ನಗುತ್ತ ಮೆಟ್ಟಿಲಿಳಿಯಿತು.

ಆಟದ ಮುಂಚೆ ನೀಲಿ ಪಂಪು ಎರಡು ಸಲ, ನನ್ನ ಎಣಿಕೆ ಎರಡು ಸಲ. ಮೈದಾನದ ಎಲ್ಲರೂ ನೋಡಿದರು. ನೋಡಲಿ ಎಂದು ಎರಡನೆಯ ಸಲ ಗಟ್ಟಿಯಾಗಿಯೇ ಎಣಿಸಿದೆ. ಕೊನೆಗೆ ಉಳಿದದ್ದು ಎರಡು ನಿಮಿಷ. ನಮ್ಮದು ಒಂದೇ ಅಂಕದ ಮುನ್ನಡೆ, ಓಡುತ್ತಿದ್ದ ಮೂವರಲ್ಲಿ ಇಬ್ಬರು ಔಟು. ಉಳಿದವಳು ಅಕ್ಷತಾ. ಕಂಬ ಸುತ್ತಿದಳು, ಸಾಲಿನ ನಡುವೆ ನುಸುಳಿದಳು, ಬೆನ್ನಿಗೆ ಬಂದ ಕೈಯಿಂದ ಬಗ್ಗಿ ತಪ್ಪಿಸಿಕೊಂಡಳು. ಅವಳು ಓಡಿದಷ್ಟು ಹೊತ್ತು ಉಸಿರು ಕಟ್ಟಿದ್ದು ನನಗೆ. ಸೀಟಿ ಊದಿದಾಗ ಅವಳು ಇನ್ನೂ ಓಡುತ್ತಲೇ ಇದ್ದಳು. ಗೆದ್ದಳು ನನ್ನ ಕೂಸು! ಮಂಡಿನೋವು ಮರೆತು ನಾನು ಎದ್ದು ಕುಣಿದದ್ದನ್ನು ಮಗ ಮೊಬೈಲಿನಲ್ಲಿ ಹಿಡಿದಿದ್ದಾನೆ, ಸೊಲ್ಲಾಪುರಕ್ಕೂ ಕಳಿಸಿದ್ದಾನೆ.

ತಲೆತುಂಬ ಮಣ್ಣು ಹೊತ್ತುಕೊಂಡೇ ಅಕ್ಷತಾ ಕಪ್ಪು ಹಿಡಿದು ರಿಕ್ಷಾದಲ್ಲಿ ನನ್ನ ಪಕ್ಕ ಕೂತಳು. ಇನ್ನೇನು ಹೊರಡಬೇಕು, ಸೀನಿದಳು. ಒಂದೇ ಒಂದು. ಎಲ್ಲರೂ ಕಾದರು, ಎರಡನೆಯದು ಬರಲಿಲ್ಲ.

"ತಡಿ, ಒಂಟಿ ಸೀನಾತು," ಎಂದು ಯಜಮಾನರು ಇಳಿಯಲು ಕಾಲು ಹೊರಗಿಟ್ಟರು.

"ನೂರು ವರ್ಷ ಬಾಳು," ಎಂದು ನಾನು ಅವಳ ತಲೆಯ ಮಣ್ಣು ಕೊಡವಿದೆ. ಆಮೇಲೆ ಅವರ ಕಡೆ ತಿರುಗಿ ಹೇಳಿದೆ: "ಕಾಲು ಒಳಗ ತೊಗೋರಿ. ಎರಡನೇದು ಮನಿಗೆ ಹೋಗಿ ಸೀನತಾಳ."