ದಾರ ಸುತ್ತಿದ ಉಂಗುರ

ಹ್ಯಾಲಿಫ್ಯಾಕ್ಸ್‌ನ ಚರ್ಚಿನ ಸಭಾಂಗಣದಲ್ಲಿ ಹಳೆಯ ಪೋಸ್ಟ್‌ಕಾರ್ಡುಗಳ ಸಂತೆ ನೆರೆದಾಗಲೆಲ್ಲ ಎನಿಡ್ ಕ್ಲೆಗ್ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲಿರುತ್ತಾರೆ. ನನ್ನ ಪಕ್ಕದ ಮಳಿಗೆಯ ಡೆಸ್ಮಂಡ್, "ಬಂದ್ರಪ್ಪ, ಹುಡುಗೀರ ವಾರ್ಡನ್ನು!" ಎಂದು ರೇಗಿಸುತ್ತಾನೆ. "ಟೀ ಆಮೇಲೆ ಕುಡಿಯೋ, ಮೊದ್ಲು ನನ್ನ ಮದ್ದಿನ ಹುಡುಗೀರನ್ನ ತೆಗಿ," ಎನ್ನುತ್ತಾರೆ ಆಕೆ. ಮೊದಲ ಮಹಾಯುದ್ಧದಲ್ಲಿ ತೋಪಿನ ಗುಂಡುಗಳಿಗೆ ಮದ್ದು ತುಂಬಿದ ಹೆಂಗಸರು ಸಾಲಾಗಿ ನಿಂತು ತೆಗೆಸಿಕೊಂಡ ಚಿತ್ರಗಳವು. ಹಳೆಯ ಕಾರ್ಡು ಹುಡುಕಿ ಬರುವ ಉಳಿದವರು ಕಾರ್ಡಿನ ಬೆನ್ನು ತಿರುಗಿಸಿ ಬರಹ ಓದಿದರೆ, ಈಕೆ ಭೂತಗನ್ನಡಿಯನ್ನು ಬೆರಳುಗಳ ಮೇಲೆ ಹಿಡಿಯುತ್ತಾರೆ. ಬಿಸ್ಕತ್ತನ್ನೂ ಅದರಲ್ಲಿ ಪರೀಕ್ಷಿಸಿಯೇ ತಿನ್ನುವರೆಂದು ನಮ್ಮ ನಂಬಿಕೆ. ಕಿಡಿ ಹಾರೀತೆಂದು ಆ ಮದ್ದಿನ ಕಾರ್ಖಾನೆಗಳೊಳಗೆ ಲೋಹ ನಿಷಿದ್ಧವಾಗಿತ್ತು; ಮದುವೆಯ ಉಂಗುರ ಬಿಚ್ಚಲೊಪ್ಪದವರು ಅದಕ್ಕೆ ದಾರ ಸುತ್ತಿಕೊಳ್ಳುತ್ತಿದ್ದರು. ಎನಿಡ್ ಅವರ ಅಜ್ಜಿಯೂ ಹಾಗೆ ಸುತ್ತಿಕೊಂಡೇ ಹೋಗಿ ಸ್ಫೋಟದಲ್ಲಿ ತೀರಿಕೊಂಡರು. ಮನೆಯಲ್ಲಿ ಒಂದು ಚಿತ್ರವೂ ಇರಲಿಲ್ಲ. ಎಳೆಯ ಮಗಳಿಗೆ, ಎಂದರೆ ಎನಿಡ್ ಅವರ ತಾಯಿಗೆ, ಮುಖದ ನೆನಪೂ ಉಳಿಯಲಿಲ್ಲ. ಕಳೆದ ಶನಿವಾರ ಒಂದು ಕಾರ್ಡಿನಲ್ಲಿ ದಾರ ಸುತ್ತಿದ ಬೆರಳು ಸಿಕ್ಕಿತು. ಆದರೆ ಚಿತ್ರ ತೆಗೆಯುವಾಗ ಆ ಹೆಂಗಸು ತಲೆ ಅಲುಗಿಸಿದ್ದರಿಂದ ಮುಖ ಮಸುಕಾಗಿತ್ತು. ಅಂಥ ಬೆರಳುಗಳು ಸಾವಿರ ಇದ್ದವೆಂದು ಡೆಸ್ಮಂಡ್ ಹೇಳಹೊರಟಿದ್ದ. "ನಿಂತಲ್ಲಿ ನಿಲ್ಲೋಳಲ್ಲ ಕಣೋ ಇವಳು," ಎಂದರು ಎನಿಡ್, "ನಮ್ಮಮ್ಮನೂ ಥೇಟ್ ಹೀಗೇ." ಅವನು ಕಾರ್ಡನ್ನು ಮೆಲ್ಲಗೆ ಅವರ ಕೈಗಿಟ್ಟ.